ಉಸಿರಿಗೊಂದು ಯತಿ

ಉಸಿರಿನ ಸ್ಥಿತಿಗತಿಗಳನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ನಿಟ್ಟುಸಿರು, ಬಿಸುಸುಯಿಲು, ಏದುಸಿರು, ಮೇಲುಸಿರು, ದಮ್ಮು, ಗೂರಲು, ಉಬ್ಬಸ: ಒಂದೊಂದಕ್ಕೂ ಒಂದೊಂದು ಅರ್ಥಚ್ಛಾಯೆ. ನಿಟ್ಟುಸಿರು ಮನಸ್ಸಿಗೆ ಸೇರಿದ್ದು, ಏದುಸಿರು ಮೈಗೆ ಸೇರಿದ್ದು. ಓಡಿ ಬಂದವನ ಏದುಸಿರು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಆದರೆ ನಡುಮನೆಯಿಂದ ಹಿತ್ತಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು ಬಂದರೆ, ಅದೂ ದಿನದಿನವೂ ಬಂದರೆ, ಅದು ಆಯಾಸವಲ್ಲ, ವ್ಯಾಧಿ. ಆ ವ್ಯಾಧಿಯೊಡನೆ ಬಾಳುವ ಕ್ರಮವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಪದ್ಯವನ್ನು ಎಲ್ಲಿ ನಿಲ್ಲಿಸಿ ಓದಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತ ಬಂದ ಅಧ್ಯಾಪಕ. ಈ ವಿಷಯಕ್ಕೂ ಆ ವಿದ್ಯೆಗೂ ಸಂಬಂಧವಿದೆ ಎಂಬುದು ಮುಂದೆ ತಿಳಿದೀತು.

ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಶ್ವಾಸನಾಳಗಳು ಊದಿಕೊಂಡು, ಕಿರಿದಾಗಿ, ಹಾಗೆಯೇ ಉಳಿದುಬಿಡುವ ಕಾಯಿಲೆ. ಬೀಡಿ ಸಿಗರೇಟು ಸೇದುವ ಗಂಡಸರಿಗಷ್ಟೇ ಇದು ಬರುತ್ತದೆ ಎಂಬ ತಿಳಿವಳಿಕೆ ಅರ್ಧ ಸತ್ಯ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸುತ್ತಿನ ಹಳ್ಳಿಗಳಲ್ಲಿ ಬೀಡಿಯನ್ನು ಮುಟ್ಟಿಯೂ ನೋಡದ ಹೆಂಗಸರು ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುವುದನ್ನು ಕಾಣಬಹುದು. ಅವರ ಎದೆಗೆ ಹೊಗೆ ಹೋದದ್ದು ಅಡುಗೆಯ ಒಲೆಯಿಂದ. ಸೌದೆಯಿಂದ, ಬೆರಣಿಯಿಂದ, ಒಣಗದ ತೆಂಗಿನ ಮಟ್ಟೆಯಿಂದ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಅವರ ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಕುರಿತು ನಡೆಸಿ, 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಲೆಕ್ಕವನ್ನೇ ಕೊಟ್ಟಿತು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕಳೆಯಿತು, ಹಾಗೆ ಎಷ್ಟು ವರ್ಷ ಕಳೆಯಿತು ಎಂಬುದನ್ನು ಗುಣಿಸಬೇಕು. ಗುಣಲಬ್ಧ 60ನ್ನು ಮುಟ್ಟಿತೆಂದರೆ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ಅಪಾಯ ಗಣನೀಯವಾಗಿ ಏರುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ. ಹದಿನೆಂಟಕ್ಕೆ ಸೊಸೆಯಾಗಿ ಬಂದವಳು ಮೂವತ್ತೆಂಟಕ್ಕೆ ಆ ಗೆರೆಯನ್ನು ತಲುಪಿರುತ್ತಾಳೆ. 2016ರಲ್ಲಿ ಉಜ್ವಲಾ ಯೋಜನೆ ಬಂದಮೇಲೆ ಎಷ್ಟೋ ಮನೆಗಳಿಗೆ ಗ್ಯಾಸು ಬಂದಿದೆ, ನಿಜ. ಆದರೆ ಅಂಥ ಮನೆಗಳಲ್ಲಿಯೂ ಸ್ನಾನದ ಹಂಡೆಯ ಕೆಳಗೆ ಸೌದೆಯೇ ಉರಿಯುವುದುಂಟು.

ಈ ರೋಗಿಗಳು ‘ಗಾಳಿ ಸಾಲದು’ ಎನ್ನುತ್ತಾರೆ. ಆದರೆ ತೊಡಕು ಗಾಳಿಯನ್ನು ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದರಲ್ಲಿ ಹೆಚ್ಚು. ಆರೋಗ್ಯವಂತನು ತುಂಬ ಎಳೆದ ಉಸಿರನ್ನು ಜೋರಾಗಿ ಊದಿದರೆ, ಅದರಲ್ಲಿ ನೂರಕ್ಕೆ 70 ಪಾಲಿಗಿಂತ ಹೆಚ್ಚು ಮೊದಲನೆಯ ಸೆಕೆಂಡಿನಲ್ಲೇ ಹೊರಬರುತ್ತದೆ. ಈ ರೋಗದಲ್ಲಿ ಅಷ್ಟು ಬರುವುದಿಲ್ಲ. ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಊದಿಸಿ ವೈದ್ಯರು ಅಳೆಯುವುದು ಇದನ್ನೇ. ಶ್ವಾಸಕೋಶದ ಸ್ಥಿತಿಸ್ಥಾಪಕ ಗುಣ ಸಡಿಲವಾಗಿ, ಉಸಿರು ಬಿಡುವಾಗ ಸಣ್ಣ ನಾಳಗಳು ಮುಚ್ಚಿಕೊಂಡು, ಹಳೆಯ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯುವುದು ಹೇಗೆ? ಗಾಬರಿಯಿಂದ ಬೇಗ ಬೇಗ ಉಸಿರಾಡಿದಷ್ಟೂ ಬಿಡುವುದಕ್ಕೆ ಸಿಗುವ ಕಾಲ ಕಡಮೆಯಾಗುತ್ತದೆ, ಒಳಗೆ ಸಿಕ್ಕಿದ ಗಾಳಿ ಹೆಚ್ಚುತ್ತದೆ, ಅದರಿಂದ ಗಾಬರಿಯೂ ಹೆಚ್ಚುತ್ತದೆ.

ಈ ಸುಳಿಯಿಂದ ಪಾರಾಗುವ ಮೊದಲ ಪಾಠ ಸುಲಭವಾದುದು. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಅನಂತರ ತುಟಿಗಳನ್ನು ಕಿರಿದು ಮಾಡಿ, ನಾಲ್ಕು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ತುಟಿಯ ಈ ಕಿರಿದಾದ ಬಾಗಿಲು ಒಳಗಿನ ನಾಳಗಳಲ್ಲಿ ಕೊಂಚ ಒತ್ತಡವನ್ನು ಉಳಿಸಿ, ಅವು ಬೇಗ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಹಳ್ಳಿಯ ತಾಯಂದಿರಿಗೆ ತುಟಿಯ ಈ ಭಂಗಿ ಹೊಸದಲ್ಲ. ಊದುಕೊಳವೆಗೆ ಬಾಯಿಟ್ಟು ಒಲೆ ಹೊತ್ತಿಸುವಾಗ ತುಟಿ ನಿಲ್ಲುತ್ತಿದ್ದುದು ಹೀಗೆಯೇ. ಉಸಿರನ್ನು ಕಳೆದ ಅಭ್ಯಾಸದಲ್ಲಿಯೇ ಅದನ್ನು ಕಾಯುವ ಭಂಗಿಯೂ ಇತ್ತು. ವ್ಯತ್ಯಾಸ ಒಂದೇ: ಅಲ್ಲಿ ಒತ್ತಿ ಊದಬೇಕಿತ್ತು, ಇಲ್ಲಿ ಒತ್ತಬಾರದು. ಎದುರಿಗಿರುವ ದೀಪದ ಕುಡಿ ಬಾಗಬೇಕು, ಆರಬಾರದು, ಅಷ್ಟು ಮೆಲ್ಲಗೆ.

ಎರಡನೆಯ ಪಾಠ ಯತಿಯದು. ಹಳಗನ್ನಡದ ಕವಿಗಳು ಯತಿಯ ನಿಯಮವನ್ನು ಅಷ್ಟಾಗಿ ಲೆಕ್ಕಿಸಲಿಲ್ಲವೆಂದು ಛಂದಸ್ಸನ್ನು ಓದಿದವರು ಬಲ್ಲರು. ಆದರೆ ಆ ಪದ್ಯಗಳನ್ನು ವಾಚಿಸುವ ಗಮಕಿ ಎಲ್ಲಿಯಾದರೂ ಉಸಿರು ತೆಗೆದುಕೊಳ್ಳಲೇಬೇಕು. ಒಳ್ಳೆಯ ಗಮಕಿ ಉಸಿರು ಮುಗಿದ ಮೇಲೆ ನಿಲ್ಲುವುದಿಲ್ಲ. ಮುಗಿಯುವ ಮುನ್ನವೇ, ಅರ್ಥ ಕೆಡದ ಜಾಗದಲ್ಲಿ ನಿಲ್ಲುತ್ತಾನೆ. ಈ ರೋಗಿ ಕಲಿಯಬೇಕಾದ ವಿದ್ಯೆಯೂ ಅದೇ. ಏದುಸಿರು ಬಂದಮೇಲೆ ಕೂರುವುದಲ್ಲ, ಬರುವ ಮುನ್ನವೇ ಕೂರುವುದು.

ದಿನಚರಿಯಲ್ಲಿ ಇದನ್ನು ಹೀಗೆ ಅಳವಡಿಸಿಕೊಳ್ಳಬಹುದು. ತುಂಬಿದ ಒಂದು ಬಿಂದಿಗೆಯ ಬದಲು ಅರ್ಧರ್ಧವಾಗಿ ಎರಡು ಸಲ ತರುವುದು. ಎತ್ತುವಾಗ, ಬಗ್ಗುವಾಗ, ಏಳುವಾಗ, ಅಂದರೆ ಶ್ರಮದ ಗಳಿಗೆಯಲ್ಲಿ, ಉಸಿರು ಬಿಡುವುದು, ಬಿಗಿಹಿಡಿಯಬಾರದು. ಕೈಯನ್ನು ತಲೆಯ ಮೇಲೆತ್ತಿ ಮಾಡುವ ಕೆಲಸ, ಬಟ್ಟೆ ಹರವುವುದಾಗಲಿ ತಲೆ ಬಾಚುವುದಾಗಲಿ, ಇವರಿಗೆ ಹೆಚ್ಚು ದಣಿವು ತರುತ್ತದೆ. ಉಸಿರಾಟಕ್ಕೆ ನೆರವಾಗುವ ಹೆಗಲಿನ ಸ್ನಾಯುಗಳು ಆಗ ಬೇರೆ ಕೆಲಸದಲ್ಲಿ ತೊಡಗಿರುತ್ತವೆ. ಆದ್ದರಿಂದ ಹಗ್ಗವನ್ನು ಎದೆಮಟ್ಟಕ್ಕೆ ಕಟ್ಟುವುದು, ಸ್ನಾನವನ್ನು ಸ್ಟೂಲಿನ ಮೇಲೆ ಕುಳಿತು ಮಾಡುವುದು. ಹೊಟ್ಟೆ ಬಿರಿಯ ಉಂಡರೆ ವಪೆಗೆ ಇಳಿಯಲು ಎಡೆಯಿರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು ಲೇಸು.

ಇವೆಲ್ಲ ಮನೆಯಲ್ಲಿ ಕುಳಿತಿರುವುದಕ್ಕಾಗಿ ಅಲ್ಲ, ಹೊರಗೆ ಹೋಗುವುದಕ್ಕಾಗಿ. ನಂಜನಗೂಡಿನಲ್ಲಿ ಕಪಿಲೆಯ ಸೋಪಾನಗಳನ್ನು, ನರಸೀಪುರದಲ್ಲಿ ಕಾವೇರಿ-ಕಪಿಲೆಯರ ಸಂಗಮದ ಮೆಟ್ಟಿಲುಗಳನ್ನು ಇಳಿದು ಹತ್ತುವ ಆಸೆ ಯಾರಿಗಿಲ್ಲ? ನಿಂತಲ್ಲೇ ಉಸಿರೆಳೆದುಕೊಂಡು, ಬಿಡುತ್ತ ಒಂದೆರಡು ಮೆಟ್ಟಿಲು ಹತ್ತಿ, ಮತ್ತೆ ನಿಲ್ಲಬೇಕು. ನಂಜುಂಡೇಶ್ವರನ ದರ್ಶನಕ್ಕೆ ಹುಣ್ಣಿಮೆಯ ಜನಸಂದಣಿಯನ್ನು ಬಿಟ್ಟು ಬೇರೆ ದಿನ ಹೋಗಬಹುದು. ದಾರಿಯಲ್ಲಿ ಏದುಸಿರು ಬಂದರೆ ಜಗಲಿಯಲ್ಲಿ ಕುಳಿತು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಿ, ತುಟಿ ಕಿರಿದು ಮಾಡಿ ಉಸಿರು ಬಿಡುತ್ತಿದ್ದರೆ ಅದು ಹತೋಟಿಗೆ ಬರುತ್ತದೆ.

ಮನೆಯವರಿಗೊಂದು ಮಾತು. ‘ಅವ್ವ, ನೀನು ಸುಮ್ಮನೆ ಕೂತಿರು, ನಾವು ಮಾಡುತ್ತೇವೆ’ ಎಂಬುದು ಪ್ರೀತಿಯ ಮಾತೇ. ಆದರೆ ಸುಮ್ಮನೆ ಕುಳಿತವರ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ. ಮೊದಲು ನದಿಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ನೆಂಟರ ಮನೆ, ಆಮೇಲೆ ಬೀದಿಯ ಬಾಗಿಲು. ರೋಗಕ್ಕಿಂತ ಮೊದಲೇ ಲೋಕ ಕೈಬಿಡುತ್ತದೆ. ವೈದ್ಯರ ಸಲಹೆಯಂತೆ ದಿನವೂ ಅಳತೆಯರಿತು ನಡೆದರೆ, ಕೆಲವು ವಾರಗಳಲ್ಲಿ ಅದೇ ಶ್ವಾಸಕೋಶದಿಂದಲೇ ಹೆಚ್ಚು ದೂರ ಹೋಗಬಹುದು. ಹೋದ ಶ್ವಾಸಕೋಶ ಮರಳುವುದಿಲ್ಲ. ಹೋದ ನಡಿಗೆ ಬಹುಮಟ್ಟಿಗೆ ಮರಳುತ್ತದೆ. ನಡೆಯುವಾಗ ಮಾತನಾಡುವಷ್ಟು ಉಸಿರು ಉಳಿದಿರಬೇಕು ಎಂಬುದು ಒಳ್ಳೆಯ ಅಳತೆಗೋಲು.

ಇದು ಯಾವುದೂ ಔಷಧಕ್ಕೆ ಬದಲಲ್ಲ. ಇನ್‌ಹೇಲರ್ ಸೇದಿದರೆ ಚಟವಾಗುತ್ತದೆ ಎಂಬ ಭಯ ನಿರಾಧಾರ. ಕುಂಭಕ, ಭಸ್ತ್ರಿಕೆಗಳಂತಹ ಪ್ರಾಣಾಯಾಮವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯೂ ಆಗಬೇಕು. ಕಫದ ಬಣ್ಣ ಬದಲಾಗಿ ಅದು ಹೆಚ್ಚಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಒಂದು ವಾಕ್ಯ ಮುಗಿಸಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, 108ಕ್ಕೆ ಕರೆಮಾಡಬೇಕು.

ಇನ್ನು ನಮ್ಮಂಥ ಗಟ್ಟಿಯಾಗಿ ಉಸಿರಾಡುವವರು ಮಾಡಬೇಕಾದದ್ದು ಸ್ವಲ್ಪವೇ. ಮನೆಯ ಹಂಡೆಯ ಒಲೆಗೆ ಹೊಗೆ ಹೋಗುವ ದಾರಿಯಿದೆಯೇ ಎಂದು ನೋಡುವುದು. ಇಂಥವರೊಡನೆ ಹೊರಟಾಗ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡುತ್ತ ನಿಲ್ಲದೆ, ಅವರ ನಡಿಗೆಗೆ ನಮ್ಮ ನಡಿಗೆಯನ್ನು ಹೊಂದಿಸಿಕೊಂಡು ಪಕ್ಕದಲ್ಲೇ ನಡೆಯುವುದು.