ಏಳು ಮಂದಿ ಇದ್ದರೂ ಆಟ ಶುರು

ಉಪ್ಪಿನಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗೋಣಿಚೀಲ ಇದೆ. ಅಂಥ ಚೀಲದಲ್ಲಿ ಬೇರೆಯವರ ಮನೆಯಲ್ಲಿ ಕಡಲಿ, ಜೋಳ ಇರುತ್ತವೆ. ನಮ್ಮ ಚೀಲದಲ್ಲಿ ಇರುವುದು ಹನ್ನೊಂದು ಫುಟ್‌ಬಾಲ್. ಗಾಳಿ ನಿಲ್ಲುವುದು ಆರರಲ್ಲಿ ಮಾತ್ರ. "ಇವನ್ನ ಹಾಕಿದ್ರ ಪಾತ್ರಿ ಮಾರಾಕಿ ಒಂದು ಡಬ್ಬಿನೂ ಕೊಡಂಗಿಲ್ಲ ನೋಡ್ರಿ" ಅಂತ ನಮ್ಮ ಮನೆಯಾಕಿ ಆಗಾಗ ಅಂತಾಳೆ. ಆಕೆಯ ಮಾತು ಸುಳ್ಳಲ್ಲ.

ಒಂದು ಕಾಲಕ್ಕೆ ಇದೇ ಚೆಂಡು ನನಗೆ ಅನ್ನ ಕೊಟ್ಟಿತ್ತು. ಬೆಂಗಳೂರಿನ ಒಂದು ಕಂಪನಿ ತಂಡದಲ್ಲಿ ಆಡಿದೆ, ಆಟದಿಂದಲೇ ನೌಕರಿ ಸಿಕ್ಕಿತು. ಆಮೇಲೆ ಒಂದು ಕ್ಲಬ್ಬಿಗೆ ಹಲವು ವರ್ಷ ತರಬೇತುದಾರನಾಗಿದ್ದೆ. ಅಪ್ಪನಿಗೆ ಕೈಲಾಗದಂತೆ ಆದಾಗ ನಾಲ್ಕು ಎಕರೆ ಹೊಲ ನೋಡಿಕೊಳ್ಳಲು ಊರಿಗೆ ಬಂದೆ. ಬಂದ ವರ್ಷವೇ ಧಾರವಾಡದ ಒಂದು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಮನೆಗೆ ಬಂದರು. "ನಮ್ಮ ಫುಟ್‌ಬಾಲ್ ಟೀಮು ನಿಂತು ಭಾಳ ವರ್ಷ ಆತ್ರಿ. ಸಂಜೀಕ ಬಂದು ಹುಡುಗೂರನ್ನ ತಯಾರು ಮಾಡ್ರಿ. ಪೆಟ್ರೋಲ್ ಖರ್ಚು ಕೊಡ್ತೀವಿ" ಅಂದರು.

ಸಂಬಳ ತಗೊಂಡು ಆಡುವವರನ್ನೇ ಪಳಗಿಸಿದವನಿಗೆ ಕಾಲೇಜು ಹುಡುಗರೇನು ದೊಡ್ಡದು, ಎರಡು ವರ್ಷದ ಕೆಲಸ ಅಂದುಕೊಂಡೆ. ಈಗ ನಾಲ್ಕನೇ ವರ್ಷ ನಡೆದಿದೆ.

ಮೊದಲ ದಿನ 31 ಹುಡುಗರು ಬಂದರು. ಮರುದಿನ 14. ವಾರ ತುಂಬುವುದರೊಳಗೆ ಉಳಿದವರು ಒಂಬತ್ತು ಜನ. ಕ್ಲಬ್ಬಿನಲ್ಲಿ ಮೈದಾನಕ್ಕೆ ಬರುವುದೇ ಆಟಗಾರನ ಕೆಲಸ. ಇಲ್ಲಿ ಹಾಗಲ್ಲ. ಒಬ್ಬ ಬೆಳಗಾಗುತ್ತಲೇ ಮನೆಮನೆಗೆ ಹಾಲು ಹಾಕಿ ಬರುತ್ತಾನೆ, ಇನ್ನೊಬ್ಬ ಸಂಜೆ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ. ಆರು ತಿಂಗಳಿಗೊಂದು ಸೆಮಿಸ್ಟರ್ ಪರೀಕ್ಷೆ, ಅದರ ನಡುವೆ ಇಂಟರ್ನಲ್. ಸುಗ್ಗಿ ಬಂತೆಂದರೆ ಅರ್ಧ ತಂಡ ಹೊಲದಲ್ಲಿ. ಇಷ್ಟೆಲ್ಲ ದಾಟಿ ಒಬ್ಬ ಹುಡುಗ ಆಟ ಕಲಿತ ಅನ್ನುವಷ್ಟರಲ್ಲಿ ಮೂರು ವರ್ಷ ಮುಗಿದು ಅವನು ಹೊರಟಿರುತ್ತಾನೆ. ಕ್ಲಬ್ಬಿನಲ್ಲಿ ನನಗೆ ಬೇಕಾದವರನ್ನು ಆರಿಸಿಕೊಳ್ಳುತ್ತಿದ್ದೆ. ಇಲ್ಲಿ ಬಂದವರೇ ತಂಡ. ಇದ್ದ ಹಿಟ್ಟಿನಾಗ ರೊಟ್ಟಿ ಬಡೀಬೇಕು.

ನನ್ನ ತಪ್ಪೂ ಇತ್ತು. ಕ್ಲಬ್ಬಿನ ಶಿಸ್ತನ್ನೇ ತಂದು ಇಲ್ಲಿ ಹೇರಿದೆ. ತಡವಾಗಿ ಬಂದವರನ್ನು ವಾಪಸ್ ಕಳಿಸುತ್ತಿದ್ದೆ. ಒಬ್ಬ ಹುಡುಗ ಮೂರು ಸಲ ತಡ ಮಾಡಿದ. ಮೂರನೇ ಸಲ ಎಲ್ಲರೆದುರು ಬೈದೆ. ನಾಲ್ಕನೇ ದಿನದಿಂದ ಅವನು ಬರಲೇ ಇಲ್ಲ. ತಿಂಗಳ ಮೇಲೆ ಮಾರುಕಟ್ಟೆಗೆ ಹೋದಾಗ, ಲಾರಿಯಿಂದ ಉಳ್ಳಾಗಡ್ಡಿ ಚೀಲ ಇಳಿಸುತ್ತಿದ್ದವನು ಅವನೇ. ಕಾಲೇಜು ಮುಗಿಸಿ ಹಮಾಲಿ ಮಾಡಿ, ಆಮೇಲೆ ಮೈದಾನಕ್ಕೆ ಓಡಿ ಬರುತ್ತಿದ್ದನಂತೆ. ಒಂದು ಮಾತೂ ಹೇಳಿರಲಿಲ್ಲ.

ಭಾನುವಾರ ಅವನ ಮನೆಗೆ ಹೋದೆ. ಅವನ ತಾಯಿ ಚಹಾ ಕೊಟ್ಟು, "ಹೊತ್ತಾದ್ರೂ ಬರ್ತಾನ್ರಿ ಅಣ್ಣಾರ, ಬೈಬ್ಯಾಡ್ರಿ. ಮನ್ಯಾಗ ದುಡಿಯಾವ ಅಂವ ಒಬ್ಬನ" ಅಂದಳು. ಚಹಾ ಗಂಟಲಲ್ಲಿ ಇಳಿಯಲಿಲ್ಲ. ಮರುದಿನದಿಂದ ಅಭ್ಯಾಸದ ಹೊತ್ತನ್ನೇ ಮುಕ್ಕಾಲು ತಾಸು ಮುಂದಕ್ಕೆ ಹಾಕಿದೆ. ಅವನು ಮರಳಿ ಬಂದ.

ಫುಟ್‌ಬಾಲ್ ನಿಯಮದಲ್ಲಿ ಒಂದು ಮಾತಿದೆ. ಒಂದು ತಂಡದಲ್ಲಿ ಕನಿಷ್ಠ ಏಳು ಜನ ಇದ್ದರೆ ಪಂದ್ಯ ಶುರು ಮಾಡಬಹುದು. ಮೊದಲ ವರ್ಷ ಅಂತರಕಾಲೇಜು ಪಂದ್ಯಕ್ಕೆ ನಾವು ಹೋದದ್ದು ಒಂಬತ್ತೇ ಜನ. 0–7ರಲ್ಲಿ ಸೋತೆವು. ಹುಡುಗರು ತಲೆ ತಗ್ಗಿಸಿ ಬಸ್ ಹತ್ತಿದರು. ಹಿಂದಿನ ಸೀಟಿನಿಂದ ಒಬ್ಬ ಕೇಳಿದ: "ಸರ, ಇದರಿಂದ ನೌಕರಿ ಸಿಗತೈತೇನ್ರಿ?"

ಈ ಪ್ರಶ್ನೆಗೆ ನನ್ನ ಕಾಲದಲ್ಲಿ ಉತ್ತರ ಸುಲಭವಿತ್ತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟ ನೋಡಿ ನೌಕರಿ ಕೊಡುತ್ತಿದ್ದವು. 1977ರಲ್ಲಿ ಫೆಡರೇಷನ್ ಕಪ್ ಮೊದಲ ಸಲ ನಡೆದಾಗ, ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಕಪ್ ಗೆದ್ದದ್ದು ನಮ್ಮ ಐಟಿಐ. ಎಚ್‌ಎಎಲ್ ತಂಡ 2010ರ ನಂತರವೂ ಐ–ಲೀಗ್‌ನಲ್ಲಿ ಆಡಿತ್ತು. ಮೈಸೂರು ರಾಜ್ಯ ಎಂಬ ಹೆಸರಿದ್ದಾಗ ನಾವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದ್ದೆವು. ಅದರ ಕೊನೆಯದು 1968–69ರಲ್ಲಿ. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ನಾನು ಮನೆಯಲ್ಲಿ ಒಬ್ಬನೇ ಕೂತು ಅತ್ತಿದ್ದೇನೆ.

ಕಂಪನಿ ತಂಡಗಳು ಒಂದೊಂದಾಗಿ ಸೊರಗಿದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದಿತು, ನಮಗೆಲ್ಲ ಹೆಮ್ಮೆಯೇ. ಆದರೆ ಇಂದಿನ ಕ್ಲಬ್ಬುಗಳು ಹುಡುಗರನ್ನು ಹದಿಮೂರು–ಹದಿನಾಲ್ಕರ ವಯಸ್ಸಿಗೇ ಅಕಾಡೆಮಿಗೆ ಸೇರಿಸಿಕೊಳ್ಳುತ್ತವೆ. ಹದಿನೆಂಟಕ್ಕೆ ಕಾಲೇಜು ಮೆಟ್ಟಿಲು ಹತ್ತುವ ನಮ್ಮ ಹುಡುಗನಿಗೆ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಏಣಿಯ ನಡುವಿನ ಮೆಟ್ಟಿಲೇ ಮುರಿದಿದೆ.

ಹಾಗಾಗಿ ನಿಜವನ್ನೇ ಹೇಳಿದೆ: "ಇಲ್ಲಪಾ ತಮ್ಮಾ, ಇದನ್ನ ನಂಬಿ ಓದು ಬಿಡಬ್ಯಾಡ." ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಧಾರವಾಡ ಬಂದಾಗ ಅವನೇ ಇಳಿಯುತ್ತಾ, "ಮತ್ತ ನಾಳೆ ಎಷ್ಟೊತ್ತಿಗೆ ಬರೂಣ್ರಿ?" ಅಂದ.

ಆವತ್ತಿನಿಂದ ನಾನು ಕ್ಲಬ್ಬಿನ ಕೋಚ್ ಅನ್ನುವುದನ್ನು ಮರೆತೆ. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಮೂಲತಃ ಹೈದರಾಬಾದಿನ ಶಾಲಾ ಮಾಸ್ತರರು. ನಾನೂ ಮಾಸ್ತರನೇ ಆಗಬೇಕಿತ್ತು.

ನಮ್ಮದು ಎರೆ ಮಣ್ಣಿನ ನಾಡು. ಮಳೆ ಬಂದರೆ ಬೂಟಿಗೆ ಅಂಟಿದ ಮಣ್ಣೇ ಸೇರು ತೂಗುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಕಾಲು ಸಿಗುತ್ತದೆ. ದೊಡ್ಡ ಮೈದಾನ ಸಿಗದ ದಿನ ಸಣ್ಣ ಜಾಗದಲ್ಲೇ ಐದೈದು ಜನರ ಆಟ ಆಡಿಸಿದೆ. ಕಬಡ್ಡಿ ಆಡುವ ಇಬ್ಬರನ್ನು ಪುಸಲಾಯಿಸಿ ತಂದೆ. ರೇಡರ್‌ನ ಕಾಲಿನ ಮೇಲೆ ಕಣ್ಣಿಟ್ಟು ಕಲಿತವರು, ಎದುರಾಳಿ ಎತ್ತ ತಿರುಗುತ್ತಾನೆಂದು ಬೇಗ ಹಿಡಿಯುತ್ತಾರೆ. ಗರಡಿಮನೆಯಲ್ಲಿ ಬೆಳೆದವನೊಬ್ಬ ಗೋಲಿಗೆ ನಿಂತ. ಅವನಿಗೆ ಬೀಳುವ ಭಯವೇ ಇಲ್ಲ.

ಬೂಟಿನದು ಇನ್ನೊಂದು ಕಥೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಆಟಗಾರರು ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಈಗ ಬೂಟೂ ಬೇಕು, ಮೊಣಕಾಲ ಕೆಳಗೆ ಶಿನ್‌ಗಾರ್ಡೂ ಬೇಕು, ಇಲ್ಲದಿದ್ದರೆ ರೆಫ್ರಿ ಒಳಗೆ ಬಿಡುವುದಿಲ್ಲ. ನಮ್ಮವರು ಅಭ್ಯಾಸಕ್ಕೆ ನೋಟ್‌ಬುಕ್ಕಿನ ರಟ್ಟು ಕಟ್ಟಿಕೊಂಡು ಬರುತ್ತಾರೆ. ಹಳೆಯ ವಿದ್ಯಾರ್ಥಿಗಳು ಆರು ಜೊತೆ ಬೂಟು ಕೊಡಿಸಿದ್ದಾರೆ.

ಎರಡನೇ ವರ್ಷ 0–2, ಮೂರನೇ ವರ್ಷ 1–1ರಲ್ಲಿ ನಿಂತು ಪೆನಾಲ್ಟಿಯಲ್ಲಿ ಸೋತೆವು. ಈ ವರ್ಷದ ಆರಂಭದಲ್ಲಿ ಕಾಲೇಜಿನವರು, "ತಂಡ ಪೂರ್ತಿ ಆಗದಿದ್ರ ಫುಟ್‌ಬಾಲ್ ಬಿಟ್ಟುಬಿಡೂಣ್ರಿ" ಅಂದಿದ್ದರು. ಅವರ ಮಾತಿನಲ್ಲೂ ತಪ್ಪಿಲ್ಲ, ದುಡ್ಡು ಇರುವುದೇ ಅಷ್ಟು. ಇವತ್ತಿಗೆ ಪಟ್ಟಿಯಲ್ಲಿ 16 ಹೆಸರಿವೆ. ಹಮಾಲಿ ಮಾಡುತ್ತಿದ್ದ ಹುಡುಗ ಡಿಗ್ರಿ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ಬಂದು ಹೊಸಬರಿಗೆ ಕಲಿಸುತ್ತಾನೆ. ಗೆಲ್ಲುತ್ತೇವೋ ಇಲ್ಲವೋ, ತಂಡ ಉಳಿಯಿತು.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗ, ಮಗಳು ಕಾಲೇಜಿನಲ್ಲಿ ಆಡುತ್ತೇನೆ ಅಂದರೆ "ಅದರಿಂದೇನು ಬರತೈತಿ" ಅಂತ ಮೊದಲೇ ಕೇಳಬೇಡಿ. ದಿನಕ್ಕೆ ಒಂದು ತಾಸು ಬಿಡಿ. ಓದು ಕೆಟ್ಟರೆ ನಮಗೇ ಬಂದು ಹೇಳಿ, ನಾವೇ ಆಟ ನಿಲ್ಲಿಸಿ ಕೂರಿಸುತ್ತೇವೆ. ಹಿಂದೆ ಆಡಿ ಈಗ ಸುಮ್ಮನೆ ಕೂತವರು ನಿಮ್ಮೂರಿನ ಕಾಲೇಜಿಗೆ ವಾರಕ್ಕೊಮ್ಮೆಯಾದರೂ ಹೋಗಿ ಬನ್ನಿ.

ಮೊನ್ನೆ ನೋಡಿದೆ, ಗೋಣಿಚೀಲದ ಹರಿದ ತಳಕ್ಕೆ ಮನೆಯಾಕಿ ತೇಪೆ ಹಾಕಿಟ್ಟಿದ್ದಳು. ಯಾಕೆ ಅಂತ ಕೇಳಿದೆ. "ಮತ್ತ, ನಾಳೆ ಪ್ರಾಕ್ಟೀಸ್ ಇಲ್ಲೇನ್ರಿ?" ಅಂದಳು.