ಎರಡು ಬೋರ್‌ಗಳ ನಡುವಿನ ನೆಲ

ಲಾಲ್‌ಬಾಗಿನ ಬಂಡೆ ಹತ್ತಿ ನಿಂತರೆ ಬೆಂಗಳೂರಿನ ನೆಲವೆಲ್ಲ ಹೀಗೇ ಗಟ್ಟಿ ಅನಿಸುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಊರಿನ ಎಷ್ಟೋ ಕಡೆ ಇದೇ ಜಾತಿಯ ಕಲ್ಲು ಹತ್ತಾರು ಅಡಿ ಮಣ್ಣಿನ ಕೆಳಗೆ ಹೂತಿದೆ. ಆ ಮಣ್ಣು ಕೂಡ ಒಂದು ಕಾಲದ ಬಂಡೆಯೇ. ಬಿರುಕುಗಳಲ್ಲಿ ಇಳಿದ ನೀರು ಮೊದಲು ಮೂಲೆಗಳನ್ನು ತಿನ್ನುತ್ತದೆ, ಆಮೇಲೆ ಅಂಚುಗಳನ್ನು. ಕರಗದೆ ಉಳಿದ ತಿರುಳು ಉರುಟಾಗಿ, ಗುಂಡುಕಲ್ಲಾಗಿ ಮಣ್ಣಿನೊಳಗೇ ಕೂತಿರುತ್ತದೆ.

ಕಟ್ಟುವವರು ಮೋಸಹೋಗುವುದು ಇಲ್ಲೇ. ನೆಲ ಪರೀಕ್ಷೆಗೆ ಬೋರ್ ಹಾಕುತ್ತಾರೆ, ಇಪ್ಪತ್ತು ಅಡಿಗೆ ಕಲ್ಲು ತಗಲುತ್ತದೆ, ‘ಬಂಡೆ ಸಿಕ್ಕಿತು’ ಎಂದು ನಿಲ್ಲಿಸುತ್ತಾರೆ. ಸಿಕ್ಕಿದ್ದು ಗುಂಡುಕಲ್ಲಾದರೆ ಕೆಳಗೆ ಮತ್ತೆ ಮಣ್ಣು. ನಮ್ಮ ಮೆಟ್ರೊಗೆ ಸುರಂಗ ಕೊರೆದ ಯಂತ್ರಗಳೂ ಮಣ್ಣು, ಬಂಡೆ ಬೆರೆತ ನೆಲದಲ್ಲಿ ತಡವರಿಸಿವೆ. ಮೂರ್ನಾಲ್ಕು ಇಂಚಿನ ತೂತು ತನ್ನ ಕಥೆಯನ್ನಷ್ಟೇ ಹೇಳುತ್ತದೆ. ಪಾಯದ ಬಹುಪಾಲು ಕೂರುವುದು ತೂತುಗಳ ನಡುವೆ.

ಆ ನಡುವಿನ ನೆಲವನ್ನು ಅಗೆಯದೆ ಕೇಳುವ ದಾರಿಯೇ ಭೂಭೌತ ಸಮೀಕ್ಷೆ. ಲೋಹದ ತಟ್ಟೆಯೊಂದನ್ನು ನೆಲಕ್ಕಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಸಾಲಾಗಿ ಚುಚ್ಚಿ ನಿಲ್ಲಿಸಿದ ಜಿಯೋಫೋನ್ ಎಂಬ ಕಂಪನ ಗ್ರಾಹಕಗಳಿಗೆ ಕಂಪನ ಯಾವ ಮಿಲಿಸೆಕೆಂಡಿಗೆ ಮುಟ್ಟಿತು ಎಂಬುದು ದಾಖಲಾಗುತ್ತದೆ. ಪಕ್ಕದಲ್ಲಿ ಲಾರಿ ಹೋದರೂ ಅಳತೆ ಕದಡುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದು ಫಲಿತಾಂಶ ಕೂಡಿಸುತ್ತಾರೆ. ಒಣ, ಸಡಿಲ ಮಣ್ಣಿನಲ್ಲಿ ಕಂಪನ ಸೆಕೆಂಡಿಗೆ ಕೆಲವು ನೂರು ಮೀಟರ್ ಓಡಿದರೆ, ಬಿರುಕಿಲ್ಲದ ನೈಸ್‌ನಲ್ಲಿ 5,000 ಮೀಟರ್ ಆಸುಪಾಸು.

ಆದರೆ ಮೊದಲು ಬಂದ ಕಂಪನವನ್ನಷ್ಟೇ ಲೆಕ್ಕ ಹಿಡಿದರೆ, ಗಟ್ಟಿ ಪದರದಡಿ ಅವಿತ ಮೆತ್ತನೆಯ ಪದರ ಕಾಣಿಸುವುದೇ ಇಲ್ಲ. ನಮ್ಮ ನೆಲಕ್ಕೆ ಇದು ದೊಡ್ಡ ಕೊರತೆ. ಹಾಗಾಗಿ ಮೇಲ್ಮೈಯಲ್ಲೇ ಸಾಗುವ ಅಲೆಗಳನ್ನೂ ಅಳೆಯುತ್ತಾರೆ. ಬೆಂಗಳೂರಿನ ಭೂಕಂಪ ಅಪಾಯದ ನಕ್ಷೆಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಗರದ ಹಲವೆಡೆ ಬಳಸಿದ್ದು ಈ ವಿಧಾನವನ್ನೇ. ಇನ್ನೊಂದು ವಿಧಾನ ನಮ್ಮ ರೈತರಿಗೆ ಹೊಸದಲ್ಲ: ಬೋರ್‌ವೆಲ್ ಪಾಯಿಂಟ್ ನೋಡುವವರು ಸರಳು ನೆಟ್ಟು, ತಂತಿ ಎಳೆದು ಕರೆಂಟ್ ಹರಿಸುತ್ತಾರಲ್ಲ, ಅದೇ. ಒದ್ದೆ ಜೇಡಿಮಣ್ಣು ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಗಟ್ಟಿ ಬಂಡೆ ತಡೆಯುತ್ತದೆ. ಮುಚ್ಚಿಹೋದ ಕೆರೆಯ ಹೂಳು ಇದರಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ.

ಇಷ್ಟಾದರೂ ಬೋರ್ ಬೇಡ ಎನ್ನುವಂತಿಲ್ಲ. ಕಂಪನದ ಲೆಕ್ಕವೂ ಕರೆಂಟಿನ ಲೆಕ್ಕವೂ ತಾಳೆಯಾಗದ ಜಾಗಕ್ಕೆ ಗೂಟ ಹೊಡೆದು, ಬೋರನ್ನು ಅಲ್ಲೇ ಹಾಕಿಸಬೇಕು. ಕಲ್ಲು ತಗಲಿದ ಮೇಲೂ ಹತ್ತು ಹದಿನೈದು ಅಡಿ ಕೊರೆಸಬೇಕು.