ಗಾಜಿನ ತೊಟ್ಟಿಯಲ್ಲಿ ದೊಡ್ಡ ಜಾತಿಯ ಸಿಕ್ಲಿಡ್ ಮೀನುಗಳ ಪಾಲನೆ

ಅಲಂಕಾರಕ್ಕಾಗಿ ಮೀನು ಸಾಕುವ ಹವ್ಯಾಸವು ಪಟ್ಟಣಗಳನ್ನು ದಾಟಿ ಹಳ್ಳಿಯ ಅನುಕೂಲಸ್ಥರ ಪಡಸಾಲೆಗೂ ಬಂದಿರುವುದು. ಹೀಗೆ ಸಾಕುವ ಮೀನುಗಳಲ್ಲಿ ಆಸ್ಕರ್, ಫ್ಲವರ್‌ಹಾರ್ನ್ ಎಂಬ ಎರಡು ದೊಡ್ಡ ಜಾತಿಗಳು ಸಿಕ್ಲಿಡ್ ಎಂಬ ಕುಲಕ್ಕೆ ಸೇರಿದವು. ಆಸ್ಕರ್ ಮೀನಿನ ಮೂಲಸ್ಥಾನ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶ. ಫ್ಲವರ್‌ಹಾರ್ನ್ ಮಲೇಶಿಯಾ ದೇಶದಲ್ಲಿ 1990ರ ದಶಕದಲ್ಲಿ ಮಿಶ್ರತಳಿಯಾಗಿ ರೂಪುಗೊಂಡಿತು. ಕೇರಳದ ಕರಿಮೀನು, ನಮ್ಮ ಕೆರೆಗಳಲ್ಲಿ ಸಿಕ್ಕುವ ಜಿಲೇಬಿ ಮೀನು ಎಂಬ ತಿಲಾಪಿಯಾ ಸಹ ಇದೇ ಕುಲದವು. ಇಂಥ ಮೀನನ್ನು ತರುವವರು ಅದರ ಪಾಲನೆಯ ಕ್ರಮವನ್ನೂ, ಅದರಿಂದ ಊರಿನ ಕೆರೆಗೆ ಒದಗಬಹುದಾದ ಅಪಾಯವನ್ನೂ ಮೊದಲೇ ತಿಳಿದಿರುವುದು ಅವಶ್ಯ.

ತೊಟ್ಟಿಯ ಅಳತೆ :— ಅಂಗಡಿಯಲ್ಲಿ ಎರಡು ಇಂಚು ಉದ್ದವಿರುವ ಆಸ್ಕರ್ ಮರಿಯು ಒಂದು ವರ್ಷದಲ್ಲಿ ಸುಮಾರು ಗೇಣುದ್ದವಾಗಿ, ಮುಂದೆ ಒಂದು ಅಡಿಯವರೆಗೆ ಬೆಳೆಯುವುದು. ಚೆನ್ನಾಗಿ ನೋಡಿಕೊಂಡರೆ ಒಂದು ಎತ್ತು ದುಡಿಯುವಷ್ಟು ಕಾಲ, ಅಂದರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕುವುದು. ಆದಕಾರಣ ತೊಟ್ಟಿಯನ್ನು ಮರಿಯ ಗಾತ್ರಕ್ಕಲ್ಲ, ಬೆಳೆದ ಮೀನಿನ ಗಾತ್ರಕ್ಕೆ ತಕ್ಕಂತೆ ಮಾಡಿಸತಕ್ಕದ್ದು. ಒಂದೇ ಮೀನಿಗೆ 4 ಅಡಿ ಉದ್ದ, 1½ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಸಾಕಾಗುವುದು. ಇದರಲ್ಲಿ ಸುಮಾರು 340 ಲೀಟರು ನೀರು ಹಿಡಿಯುವುದು. ಈ ನೀರಿನ ತೂಕವೇ ಮೂರು ಕ್ವಿಂಟಲಿಗೂ ಮಿಕ್ಕಿದ್ದರಿಂದ ತೊಟ್ಟಿಯನ್ನು ಅಟ್ಟದ ಮೇಲಾಗಲಿ ಹಗುರಾದ ಮೇಜಿನ ಮೇಲಾಗಲಿ ಇಡಕೂಡದು. ನೆಲಮಹಡಿಯಲ್ಲಿ, ಬಿಸಿಲು ಬೀಳದ ಸ್ಥಳದಲ್ಲಿ, ಸಮಮಟ್ಟದ ಗಟ್ಟಿ ಕಟ್ಟೆಯ ಮೇಲಿಡಬೇಕು. ಮೀನು ಹಾರುವ ಸ್ವಭಾವದ್ದಾದ್ದರಿಂದ ಮೇಲೆ ಜಾಳಿಗೆಯ ಮುಚ್ಚಳವಿರಬೇಕು. ಫ್ಲವರ್‌ಹಾರ್ನ್ ಕಾದಾಡುವ ಜಾತಿ. ಅದನ್ನು ಒಂಟಿಯಾಗಿಯೇ ಇಡುವುದು ಲೇಸು.

ನೀರಿನ ಗುಣ :— ಈ ಭಾಗದ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಹಲವೆಡೆ ಸವಳು. ದೊಡ್ಡ ಸಿಕ್ಲಿಡ್‌ಗಳು ಸಾಧಾರಣ ಗಡಸು ನೀರನ್ನು ತಾಳಿಕೊಳ್ಳುವವು. ಆದರೆ ಬೇಸಿಗೆಯಲ್ಲಿ ಆರಿಹೋದಷ್ಟು ನೀರನ್ನು ಮಾತ್ರ ಮತ್ತೆ ಮತ್ತೆ ತುಂಬುತ್ತ ಹೋದರೆ, ನೀರು ಆವಿಯಾಗಿ ಹೋಗಿ ಅದರಲ್ಲಿದ್ದ ಲವಣವು ತೊಟ್ಟಿಯಲ್ಲಿಯೇ ಉಳಿಯುವುದು. ಬಸಿಗಾಲುವೆಯಿಲ್ಲದ ಎರೆಹೊಲ ಸವಳಾಗುವುದೂ ಇದೇ ರೀತಿಯಿಂದ. ಆದ್ದರಿಂದ ಹಳೆಯ ನೀರನ್ನು ಹೊರಗೆ ತೆಗೆದೇ ಹೊಸ ನೀರು ಹಾಕಬೇಕು. ಮಳೆಯ ನೀರನ್ನು ಶುದ್ಧವಾಗಿ ಸಂಗ್ರಹಿಸಿ ಬೆರೆಸುವುದು ಉತ್ತಮ. ಕೊಳವೆ ಬಾವಿಯ ನೀರಿನಲ್ಲಿ ಪ್ರಾಣವಾಯು ಕಡಿಮೆಯಾದ್ದರಿಂದ ಒಂದು ರಾತ್ರಿ ತೆರೆದ ಹೌದಿನಲ್ಲಿ ಗಾಳಿಯಾಡಿಸಿ ಬಳಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುವುದು. ಸೋಡಿಯಂ ಥಯೋಸಲ್ಫೇಟ್ ಹಾಕಿ ಅದನ್ನು ಕಳೆಯಬಹುದು.

ಹೊಲಸು ಶುದ್ಧವಾಗುವ ಬಗೆ :— ಮೀನು ಅಮೋನಿಯಾವನ್ನು ಹೊರಹಾಕುವುದು. ಕೊಟ್ಟಿಗೆಯ ಗಂಜಳದ ಘಾಟೂ ಅದರದೇ. ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ಬಳಿಕ ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗುವಂತೆ, ತೊಟ್ಟಿಯ ಶೋಧಕದಲ್ಲಿಯೂ ಅಂಥ ಜೀವಿಗಳು ನೆಲೆಸಿ ಈ ಕೆಲಸ ಮಾಡುವವು. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಹೊಸ ತೊಟ್ಟಿಗೆ ತಂದ ದಿನವೇ ಮೀನು ಬಿಟ್ಟು, ಎಂಟು ಹತ್ತು ದಿನಗಳಲ್ಲಿ ಕಳೆದುಕೊಳ್ಳುವುದಕ್ಕೆ ಈ ಅವಸರವೇ ಸಾಮಾನ್ಯ ಕಾರಣ. ಕ್ಷಾರ ಹೆಚ್ಚಿದ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚುವುದರಿಂದ ಇಲ್ಲಿ ಎಚ್ಚರಿಕೆ ಇಮ್ಮಡಿ ಬೇಕು. ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಸುಮಾರು ಆರು ಕೊಡ ನೀರನ್ನು ಬದಲಿಸತಕ್ಕದ್ದು. ಶೋಧಕದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಉಪಕಾರಿ ಜೀವಿಗಳು ಸಾಯುವವು. ಉಪ್ಪು ಅಥವಾ ಔಷಧ ಬೆರೆಸದ ಹಳೆಯ ನೀರು ಹಿತ್ತಿಲಿನ ಕರಿಬೇವು, ಅವರೆ ಬಳ್ಳಿಗಳಿಗೆ ಒಳ್ಳೆಯದು. ವಿದ್ಯುತ್ತು ಬಹಳ ಹೊತ್ತು ನಿಲ್ಲುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದನ್ನು ಇಟ್ಟುಕೊಂಡಿರಬೇಕು.

ಆಹಾರ ಮತ್ತು ಆರೈಕೆ :— ದಿನಕ್ಕೆ ಎರಡು ಸಲ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಕಾಳು ಆಹಾರ ಹಾಕಬೇಕು. ವಿಷ ಸಿಂಪಡಿಸದ ಮಣ್ಣಿನ ಎರೆಹುಳವನ್ನು ಆಗಾಗ ಕೊಡಬಹುದು. ನೀರಿನ ಉಷ್ಣತೆ 24ರಿಂದ 28 ಸೆಂಟಿಗ್ರೇಡ್ ಇರಬೇಕು. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯ ರಾತ್ರಿಗಳಲ್ಲಿ ನೀರು ಕಾಯಿಸುವ ಸಾಧನ ಬೇಕಾಗುವುದು. ಹತ್ತಿ, ಮೆಣಸಿನಕಾಯಿ ಬೆಳೆಗಳಿಗೆ ಹೊಡೆಯುವ ಸೈಪರ್‌ಮೆಥ್ರಿನ್ ಮೊದಲಾದ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲಬಲ್ಲವು. ಅವನ್ನು ತೊಟ್ಟಿಯಿರುವ ಕೋಣೆಯಲ್ಲಿ ಇಡಕೂಡದು. ಸಿಂಪಡಿಸಿ ಬಂದವರು ಸ್ನಾನ ಮಾಡದೆ ತೊಟ್ಟಿಯನ್ನು ಮುಟ್ಟಕೂಡದು.

ಕೆರೆಗೆ ಬಿಡಕೂಡದು :— ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಮೀನು ತೊಟ್ಟಿಗೆ ಮೀರಿ ಬೆಳೆದಾಗ ಅದನ್ನು ಕೊಲ್ಲಲು ಮನಸ್ಸು ಬಾರದೆ ಕೆರೆಯಲ್ಲೋ ಬಾವಿಯಲ್ಲೋ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರುಂಟು. ಒಬ್ಬರ ಈ ಕನಿಕರವು ಊರಿಗೇ ನಷ್ಟವಾಗಬಲ್ಲದು. ತಿಲಾಪಿಯಾ ಮೀನನ್ನು 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದರು. ಅದು ಎರಡು ಮೂರು ತಿಂಗಳಿಗೇ ಬಲಿತು, ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಪಾಡಿ, ವರ್ಷದಲ್ಲಿ ಹಲವು ಸಲ ಮರಿಮಾಡುವುದು. 1959ರಲ್ಲಿಯೇ ಅದರ ಪ್ರಸಾರಕ್ಕೆ ನಿರ್ಬಂಧ ಸೂಚಿಸಲ್ಪಟ್ಟರೂ ಅಷ್ಟರಲ್ಲಿ ಕೈಮೀರಿತ್ತು. ಕೆರೆಯಲ್ಲಿ ಸಣ್ಣ ಜಿಲೇಬಿ ಮೀನುಗಳೇ ಕಿಕ್ಕಿರಿದರೆ ಕಾಟ್ಲಾ, ರೋಹು ಮೀನುಗಳಿಗೆ ಮೇವು ಸಾಲದೆ ಅವುಗಳ ಬೆಳವಣಿಗೆ ಕುಂಠಿತವಾಗುವುದು. ಆಸ್ಕರ್ ಮೀನಂತೂ ಸಣ್ಣ ಮೀನುಗಳನ್ನೇ ನುಂಗುವುದು. ಅಮೆರಿಕದ ಫ್ಲೋರಿಡಾ ಪ್ರಾಂತದ ಕಾಲುವೆಗಳಲ್ಲಿ ಅದು ನೆಲೆಯೂರಿಬಿಟ್ಟಿದೆ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯು ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳಿಗೆ ಆಶ್ರಯವಾಗಿ, 2024ರಲ್ಲಿ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಇಂಥ ಜಲಾಶಯಕ್ಕೆ ಪರದೇಶದ ಒಂದು ಜೊತೆ ಮೀನು ಸೇರಿದರೂ ಮರಳಿ ಹಿಡಿದು ತೆಗೆಯುವುದು ದುಸ್ಸಾಧ್ಯ. ಹೊಲದ ಕೃಷಿ ಹೊಂಡದಲ್ಲಿ ಬಿಟ್ಟರೆ ಬಾಧಕವಿಲ್ಲವೆಂದೂ ಭಾವಿಸಕೂಡದು. ದೊಡ್ಡ ಮಳೆಗೆ ಹೊಂಡ ಕೋಡಿಬಿದ್ದು ಮೀನು ಹಳ್ಳವನ್ನು ಸೇರಿ, ಹಳ್ಳದಿಂದ ಹೊಳೆಗೆ ಇಳಿಯಬಹುದು.

ಸಾಕಲಾಗದ ಮೀನನ್ನು ಮಾರಿದ ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ದೊಡ್ಡ ತೊಟ್ಟಿಯಿರುವ ಮತ್ತೊಬ್ಬರಿಗೆ ಕೊಡಬೇಕು. ಸತ್ತ ಮೀನನ್ನೂ ನೀರಿಗೆ ಎಸೆಯದೆ ಮಣ್ಣಿನಲ್ಲಿ ಹೂಳತಕ್ಕದ್ದು. ಗ್ರಾಮ ಪಂಚಾಯತಿಯ ಪ್ರಮುಖರು ಕೆರೆಯ ಮೀನಿನ ಹರಾಜಿನ ಕಾಲದಲ್ಲಿ ಈ ವಿಷಯವನ್ನು ಊರವರಿಗೆ ತಿಳಿಯಹೇಳಬೇಕು. ಬಲೆಗೆ ಅಪರಿಚಿತ ಮೀನು ಬಿದ್ದರೆ ಮತ್ತೆ ನೀರಿಗೆ ಬಿಡದೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಬೇಕು. ತೊಟ್ಟಿಯ ಮೀನು ಒಬ್ಬರ ಮನೆಯದು, ಕೆರೆಯಾದರೋ ಇಡೀ ಊರಿನದು. ಈ ಭೇದವನ್ನರಿತು ನಡೆದರೆ ಎರಡೂ ಕ್ಷೇಮವಾಗಿರುವವು.